ವಾರಗಳ ಲೆಕ್ಕ

ಜಯನಗರ, ಬೆಂಗಳೂರು

ಚಿ. ಸೌ. ಸುಮಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

30ನೇ ವಾರಕ್ಕೇ ಹುಟ್ಟಿದ ಕಂದನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಈಇಜಿ ಪರೀಕ್ಷೆಯ ವರದಿಯಲ್ಲಿ ‘ಅಲೆಗಳು ನಿರಂತರವಾಗಿಲ್ಲ’ ಎಂಬ ಸಾಲನ್ನು ಓದಿದಂದಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅಕ್ಕ ಹೇಳಿದಳು. ಮಕ್ಕಳ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಆ ವರದಿಯನ್ನು ಮಗುವಿನ ವಯಸ್ಸಿನಿಂದ ಬೇರ್ಪಡಿಸಿ ಓದಬೇಡ. ವಯಸ್ಸನ್ನೂ ಹುಟ್ಟಿದ ದಿನದಿಂದಲ್ಲ, ಗರ್ಭದ ವಾರಗಳನ್ನು ಎಣಿಸಲು ಆರಂಭಿಸಿದ ದಿನದಿಂದಲೇ ಲೆಕ್ಕ ಹಿಡಿ.

ಮಗು ಬಸಿರಿನಲ್ಲಿರಲಿ, ಇನ್‌ಕ್ಯುಬೇಟರಿನಲ್ಲಿರಲಿ, ಮಿದುಳಿನ ವಿದ್ಯುತ್ ಚಟುವಟಿಕೆ ಬಲಿಯುವುದು ಬಹುಮಟ್ಟಿಗೆ ಈ ಲೆಕ್ಕದಂತೆಯೇ. 28ನೇ ವಾರದ ಸುಮಾರಿಗೆ ಅಲೆಗಳ ಗುಂಪೊಂದು ಎದ್ದು ಅಡಗಿದ ಮೇಲೆ ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷದವರೆಗೂ, ರೇಖೆ ಹೆಚ್ಚುಕಡಿಮೆ ಸಪಾಟಾಗಿರುವುದು ಸಹಜ. ಅಂಥದೇ ಬಿಡುವು ದಿನ ತುಂಬಿದ ಮಗುವಿನಲ್ಲಿ ಕಂಡರೆ ವೈದ್ಯರು ಕಳವಳಪಡುತ್ತಾರೆ. ವಾರ ಕಳೆದಂತೆ ಈ ಬಿಡುವು ಕುಗ್ಗುತ್ತದೆ, ಎಡ ಬಲ ಅರ್ಧಗೋಳಗಳ ಅಲೆಗಳು ಒಟ್ಟಿಗೆ ಏಳತೊಡಗುತ್ತವೆ. ನಿಧಾನದ ಅಲೆಯೊಂದರ ಮೇಲೆ ವೇಗದ ಸಣ್ಣ ಅಲೆಗಳು ಕುಂಚದ ಎಳೆಗಳಂತೆ ಕುಳಿತಿರುವ ‘ಡೆಲ್ಟಾ ಬ್ರಷ್’ 32ರಿಂದ 34ನೇ ವಾರದಲ್ಲಿ ಹೇರಳವಾಗಿದ್ದು, ದಿನ ತುಂಬುವ ಹೊತ್ತಿಗೆ ಬಹುತೇಕ ಮರೆಯಾಗುತ್ತದೆ. ಮುಂದೆ ಉಳಿದರೆ ಸಂಶಯಕ್ಕೆ ಎಡೆಮಾಡುವ ಅಲೆ, ಆ ವಾರಗಳಲ್ಲಿ ಇರಲೇಬೇಕಾದದ್ದು. ಈ ವಿದ್ಯೆಯಲ್ಲಿ ನನ್ನನ್ನು ಬಹಳ ಸೆಳೆದ ಸಂಗತಿ ಇದು.

ದಿನ ತುಂಬಿದ ಮಗುವಿನ ಶಾಂತ ನಿದ್ರೆಯಲ್ಲಿಯೂ ಎತ್ತರದ ಮತ್ತು ತಗ್ಗಿನ ಅಲೆಗಳು ಸರದಿಯ ಮೇಲೆ ಬರುತ್ತವೆ, 44–46 ವಾರಗಳ ಹೊತ್ತಿಗೆ ಅದೂ ನಿಲ್ಲುತ್ತದೆ. ಹೆರಿಗೆಗೆ ಗೊತ್ತುಮಾಡಿದ್ದ ದಿನದಿಂದ ಸುಮಾರು 2 ತಿಂಗಳಿಗೆ ನಿದ್ರೆಯ ಸ್ಪಿಂಡಲ್‌ಗಳೆಂಬ ವೇಗದ ಅಲೆಗಳ ಪುಟ್ಟ ಗೊಂಚಲುಗಳೂ, 3–4 ತಿಂಗಳಿಗೆ ಎಚ್ಚರದಲ್ಲಿ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 3–4 ಅಲೆಗಳ ಲಯವೂ ಕಾಣಿಸಿಕೊಳ್ಳುತ್ತವೆ.

ನಗು, ಕತ್ತು ನಿಲ್ಲುವುದು, ಮಗುಚುವುದು ಎಲ್ಲವನ್ನೂ ಇದೇ ಲೆಕ್ಕದಲ್ಲಿ ನೋಡು. ನೆಂಟರ ಮನೆಯ ಮಗುವಿನೊಂದಿಗೆ ಹೋಲಿಸುವವರಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡ. ಆದರೆ ಕಣ್ಣು ಒಂದೇ ಕಡೆ ನೆಟ್ಟರೆ, ಬಾಯಿ ಚಪ್ಪರಿಸುತ್ತಲೇ ಇದ್ದರೆ, ಕಾಲು ಸೈಕಲ್ ತುಳಿದಂತೆ ಮತ್ತೆ ಮತ್ತೆ ಆಡಿದರೆ ತಡಮಾಡದೆ ವೈದ್ಯರಿಗೆ ತಿಳಿಸು, ಏಕೆಂದರೆ ಎಳೆಗೂಸುಗಳ ಫಿಟ್ಸ್ ದೊಡ್ಡವರದರಂತೆ ಎದ್ದು ಕಾಣುವುದಿಲ್ಲ.

40ನೇ ವಾರಕ್ಕೆ ಮತ್ತೊಮ್ಮೆ ಈಇಜಿ ಬರೆದುಕೊಟ್ಟಿದ್ದಾರಂತೆ, ತಪ್ಪಿಸಬೇಡ. ಒಂದು ವರದಿಗಿಂತ ಎರಡರ ನಡುವಿನ ಬದಲಾವಣೆಯೇ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ನಿದ್ರೆ, ಎಚ್ಚರ ಎರಡೂ ದಾಖಲಾಗಬೇಕಾದ್ದರಿಂದ ಅಲ್ಲಿಯೇ ಹಾಲುಣಿಸಿ ಮಲಗಿಸು. ನೆತ್ತಿಗೆ ಎಣ್ಣೆ ಒತ್ತದೆ ಅಕ್ಕ ಬಿಡುವವಳಲ್ಲ. ಎಣ್ಣೆಯಿದ್ದರೆ ಎಲೆಕ್ಟ್ರೋಡ್‌ಗಳು ಸರಿಯಾಗಿ ಅಂಟುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ತಲೆ ತೊಳೆದಿಡಲು ನಾನು ಹೇಳಿದೆನೆಂದು ಹೇಳು.

ಇಂತು ನಿನ್ನ ಮಾವ