ಮೊದ್ಲು ಕೇಳಿಸ್ಕೋ, ಆಮೇಲೆ ಬರಿ

ತಂಗಿ,

ಯಲ್ಲಾಪುರದ ಸಿದ್ದಿ ಜನರ ಬಗ್ಗೆ ನೀನು ಬರ್ದಿದ್ದು ಓದಿದೆ. ಭಾಷೆ ಚೆನ್ನಾಗಿದೆ, ಕಾಡು, ಮಳೆ, ಡಮಾಮಿ ಕುಣಿತ ಎಲ್ಲಾ ಇದೆ, ಆದ್ರೆ ಅಲ್ಲಿನವ್ರು ಒಬ್ರೂ ಮಾತಾಡಲ್ಲ, ಪೂರ್ತಿ ನೀನೇ ಮಾತಾಡ್ತೀಯ. ಅದಕ್ಕೇ ಕೆನಡಾದ ಡಾಕ್ಯುಮೆಂಟರಿ ನಿರ್ದೇಶಕಿ ಅಲನಿಸ್ ಒಬೊಮ್ಸಾವಿನ್ ಬಗ್ಗೆ ಹೇಳ್ಬೇಕು ಅನ್ನಿಸ್ತು.

1932ರಲ್ಲಿ ಹುಟ್ಟಿದವ್ರು, ಅಬೆನಾಕಿ ಅನ್ನೋ ಮೂಲನಿವಾಸಿ ಜನಾಂಗ, ಊರು ಕ್ವಿಬೆಕ್‌ನ ಒಡನಾಕ್. ಮೊದ್ಲು ಹಾಡೋರು, ಕಥೆ ಹೇಳೋರು. ತಮ್ಮೂರ ಮಕ್ಕಳನ್ನ ಪಕ್ಕದೂರಿನ ಈಜುಕೊಳಕ್ಕೆ ಸೇರಿಸ್ತಿರ್ಲಿಲ್ಲ ಅಂತ ಊರೂರು ಹಾಡಿ ದುಡ್ಡು ಕೂಡಿಸಿ ಒಡನಾಕ್‌ನಲ್ಲೇ ಒಂದು ಕೊಳ ಆಗೋ ಹಾಗೆ ಮಾಡಿದ್ರು. ಅವ್ರ ಬಗ್ಗೆ ಟಿವಿಲಿ ಬಂದಿದ್ದನ್ನ ನೋಡಿ ಕೆನಡಾ ಸರ್ಕಾರದ ಸಿನಿಮಾ ಸಂಸ್ಥೆ ನ್ಯಾಷನಲ್ ಫಿಲ್ಮ್ ಬೋರ್ಡ್‌ನೋರು 1967ರಲ್ಲಿ ಸಲಹೆಗಾರ್ತಿಯಾಗಿ ಕರೆದ್ರು. ಜನರ ಕೆಲ್ಸ ಮೊದ್ಲು, ಸಿನಿಮಾ ಆಮೇಲೆ.

1971ರ ಅವ್ರ ಮೊದಲ ಸಿನಿಮಾ ನೋಡು. ಉತ್ತರ ಒಂಟಾರಿಯೋದ ಮೂಸ್ ಫ್ಯಾಕ್ಟರಿಯ ವಸತಿ ಶಾಲೆ, ಅಲ್ಲಿನ ಕ್ರೀ ಅನ್ನೋ ಮೂಲನಿವಾಸಿ ಜನಾಂಗದ ಮಕ್ಕಳು ಕ್ರಿಸ್‌ಮಸ್ ಬಗ್ಗೆ ಬಿಡಿಸಿದ ಕ್ರೇಯಾನ್ ಚಿತ್ರ, ಅದರ ಮೇಲೆ ಆ ಮಕ್ಕಳದ್ದೇ ದನಿ. ಹೊರಗಿನೋರು ಯಾರೂ ಬಂದು ಅವ್ರ ಪರವಾಗಿ ವಿವರಿಸಲ್ಲ. ನಂಗೆ ಅದು ದೊಡ್ಡ ದೊಡ್ಡ ಭಾಷಣಗಳಿಗಿಂತ ಜಾಸ್ತಿ ತಟ್ಟುತ್ತೆ.

ಅವ್ರ ಪದ್ಧತಿ ಏನಂದ್ರೆ, ಮೊದಲ ಸಲ ಹೋಗುವಾಗ ಕ್ಯಾಮೆರಾ ಇಲ್ಲ, ಕ್ರೂ ಇಲ್ಲ, ಟೇಪ್ ರೆಕಾರ್ಡರ್ ಇಟ್ಕೊಂಡು ಒಬ್ರೇ ಕೂತು ಕೇಳೋದು, ಮುಖ ತೋರಿಸ್ಬೇಕು ಅನ್ನೋ ಭಯ ಇಲ್ದಾಗ ಜನ ತಮ್ಮ ಮನಸ್ಸಲ್ಲಿರೋದನ್ನ ಹೇಳ್ತಾರೆ, ಶೂಟಿಂಗ್ ಅದಾದ್ಮೇಲೆ. 1990ರಲ್ಲಿ ಕ್ವಿಬೆಕ್‌ನ ಓಕಾ ಊರಿನ ಗಾಲ್ಫ್ ಕೋರ್ಸ್ ದೊಡ್ಡದು ಮಾಡೋಕೆ ಮೋಹಾಕ್ ಅನ್ನೋ ಮೂಲನಿವಾಸಿ ಜನರ ಪೈನ್ ಕಾಡು ಕಡಿಯೋಕೆ ಹೊರಟಾಗ 78 ದಿನ ಜಗಳ ನಡೀತು, ಪೊಲೀಸ್ರು, ಕೊನೆಗೆ ಮಿಲಿಟರಿನೇ ಬಂತು, ಆಗ ಅವ್ರು ಬ್ಯಾರಿಕೇಡ್ ಒಳಗೆ ಮೋಹಾಕ್ ಜನರ ಜೊತೆಗೇ ಇದ್ದು ಶೂಟ್ ಮಾಡಿದ್ರು. ಅದ್ರಿಂದ ಆದ ಸಿನಿಮಾ 1993ರಲ್ಲಿ ಬಂತು, ಸುಮಾರು ಎರಡು ಗಂಟೆದು, ಕೆನಡಾ ಸರ್ಕಾರದ್ದೇ ಸಂಸ್ಥೆ ಮಾಡಿಸಿದ್ದು! ತಂತಿಬೇಲಿ ಒಳಗಿಂದ ನೋಡಿದ್ರೆ ಸೈನಿಕರು ಹೇಗೆ ಕಾಣ್ತಾರೆ ಅಂತ ಆ ದೇಶದೋರಿಗೆ ಅದ್ರಲ್ಲಿ ಗೊತ್ತಾಯ್ತು.

ನೀನೂ ಮುಂದಿನ ಸಲ ಫೋಟೋ ತೆಗಿಬೇಡ. ಸಿದ್ದಿ ಜನರ ಒಪ್ಪಿಗೆ ಕೇಳಿ ದನಿ ಮಾತ್ರ ರೆಕಾರ್ಡ್ ಮಾಡ್ಕೋ, ಕೆಲ್ಸದ ಟೈಮಲ್ಲಿ ತೊಂದ್ರೆ ಕೊಡ್ಬೇಡ, ಬರ್ದಾದ್ಮೇಲೆ ಅವ್ರಿಗೇ ಓದಿ ಹೇಳು, ಯಾವ ಸಾಲು ಬೇಡ ಅಂತಾರೋ ಅದನ್ನ ತೆಗ್ದುಬಿಡು. ಆ ಡ್ರಾಫ್ಟ್ ನಂಗೆ ಕಳ್ಸು, ಕಾಯ್ತಿರ್ತೀನಿ.