ಕರಡಿಗೆ ತೆಗೆದಿಟ್ಟ ತಮ್ಮನಿಗೆ

ತಮ್ಮಾ,

ನಿನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿ ಅತ್ತಳು. ನೀನು ಕೊರಳಿಂದ ಇಷ್ಟಲಿಂಗ ಇಡುವ ಕರಡಿಗೆ ತೆಗೆದು ಕಪಾಟಿನಲ್ಲಿ ಇಟ್ಟಿದ್ದೀಯಂತೆ, "ನನ್ನ ದೇವರು ನನಗೆ ಗೊತ್ತು, ಇದೆಲ್ಲ ಬೇಡ" ಅಂದೆಯಂತೆ. ಬೈಯೋಕೆ ಬರೆಯುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ತೆಗೆದಿಟ್ಟಿದ್ದೆ. ಇದು ನಿಮ್ಮವ್ವನಿಗೂ ಗೊತ್ತಿಲ್ಲ.

ಮದುವೆಯಾಗಿ ಹೋದ ಮನೆಯಲ್ಲಿ ತಿಂಗಳಿಗೆ ಮೂರು ದಿನ ನನ್ನನ್ನು ಹಿತ್ತಲಲ್ಲಿ ಕೂರಿಸುತ್ತಿದ್ದರು. ಅಡುಗೆಮನೆ ಹೊಸ್ತಿಲು ದಾಟಬಾರದು, ಲಿಂಗ ಮುಟ್ಟಬಾರದು. ಊಟದ ತಟ್ಟೆಯನ್ನು ದೂರದಿಂದಲೇ ನೂಕುತ್ತಿದ್ದರು, ಅದು ನೆಲಕ್ಕೆ ಉಜ್ಜುತ್ತಾ ಬರುವ ಸದ್ದು ಇನ್ನೂ ಕಿವಿಯಲ್ಲಿದೆ. ನನ್ನ ಎದೆಯ ಮೇಲಿರೋ ದೇವರನ್ನೇ ಮುಟ್ಟಬಾರದು ಅಂದರೆ ಆ ದೇವರು ನನಗ್ಯಾಕೆ ಅಂತ ಸಿಟ್ಟು ಬಂದು, ಒಂದು ದಿನ ಶಿವದಾರ ಬಿಚ್ಚಿ ಕರಡಿಗೆಯನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟೆ. ಎರಡು ವರ್ಷ ತೆಗೆಯಲಿಲ್ಲ.

ಆಮೇಲೆ ವಚನ ಓದಿದೆ. ಫ.ಗು. ಹಳಕಟ್ಟಿಯವರು ತಾಡೋಲೆ ಹುಡುಕಿ ಕೂಡಿಸಿ, 1923ರಲ್ಲಿ ಅಚ್ಚು ಹಾಕಿಸದಿದ್ದರೆ ನನ್ನಂಥವಳ ಕೈಗೆ ಅವು ಬರುತ್ತಲೇ ಇರಲಿಲ್ಲವೇನೋ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕವೂ ಲಿಂಗ ಕಟ್ಟಿದವರಿಗೆ ಇಲ್ಲ ಅಂತ ಶರಣರು ಹನ್ನೆರಡನೇ ಶತಮಾನದಲ್ಲೇ ಹೇಳಿದ್ದರು! ಪುಸ್ತಕ ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತುಬಿಟ್ಟೆ. ಧರ್ಮ ಬಿಟ್ಟೆ ಅಂದುಕೊಂಡಿದ್ದೆ, ನಾನು ಬಿಟ್ಟಿದ್ದು ಆ ಮನೆಯ ರೂಢಿಯನ್ನಷ್ಟೇ. ಧರ್ಮ ನನ್ನ ಕಡೆಗೇ ಇತ್ತು, ಯಾರೂ ಹೇಳಿರಲಿಲ್ಲ.

ಅದಕ್ಕೇ ಕೇಳುತ್ತೇನೆ, ನೀನು ಬಿಡುತ್ತಿರೋದು ಯಾವುದನ್ನ? ಹೆಣ್ಣು ನೋಡುವಾಗ ಒಳಪಂಗಡ ಕೇಳೋದನ್ನಾ? ಬಿಡು, ನಾನೂ ನಿನ್ನ ಜೊತೆಗಿದ್ದೇನೆ. ಆದರೆ ಬಸವಣ್ಣನನ್ನು ಒಂದು ಸಲವೂ ಸರಿಯಾಗಿ ಓದದೆ ಬಿಡುತ್ತಿದ್ದರೆ, ಅದು ನನಗೆ ನೋವು.

ನಿನ್ನದೇ ದೇವರು ಬೇಕು ಅನ್ನೋದು ತಪ್ಪಲ್ಲ. ಶರಣರೂ ಅದನ್ನೇ ಮಾಡಿದರು. ಒಬ್ಬರಿಗೆ ಕೂಡಲಸಂಗಮದೇವ, ಒಬ್ಬರಿಗೆ ಚೆನ್ನಮಲ್ಲಿಕಾರ್ಜುನ, ಒಬ್ಬರಿಗೆ ಗುಹೇಶ್ವರ. ಆದರೆ ಅವರು ಒಬ್ಬೊಬ್ಬರೇ ಕೂತು ತೀರ್ಮಾನ ಮಾಡಲಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಎಷ್ಟು ಕೆದಕಿದ ಅಂತ, ಶರಣರ ಮಾತುಕತೆಗಳನ್ನು ಹೆಣೆದ ಶೂನ್ಯಸಂಪಾದನೆ ಗ್ರಂಥದಲ್ಲಿ ಓದು. ನಿನ್ನ ಗಂಡ ಯಾರು, ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದೇಕೆ ಅಂತೆಲ್ಲ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ನಿನ್ನ ದೇವರನ್ನು ಹಾಗೆ ಕೆದಕಿ ಕೇಳುವವರು ನಿನಗೆ ಯಾರಿದ್ದಾರೆ, ತಮ್ಮಾ? ನಾವು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ದೇವರು ಕಷ್ಟ ಬಂದಾಗ ಜಾಸ್ತಿ ದಿನ ನಿಲ್ಲೋದಿಲ್ಲ, ಆ ಎರಡು ವರ್ಷ ನಾನು ಕಂಡಿದ್ದೇನೆ.

ಊರಿಗೆ ಬರುವಾಗ ಕರಡಿಗೆ ತಗೊಂಡು ಬಾ. ಕಟ್ಟಿಕೋ ಅನ್ನೋದಿಲ್ಲ. ಒಂದು ಬೆಳಿಗ್ಗೆ ನನ್ನ ಪಕ್ಕ ಕೂತು, ಲಿಂಗವನ್ನು ಎಡಗೈಯಲ್ಲಿಟ್ಟು ಅದರ ಮೇಲಿನ ಕರಿ ಲೇಪದ, ಆ ಕಂತಿಯ ಮೇಲೆ ದೀಪದ ಬೆಳಕು ಹೊಳೆಯೋದನ್ನ ಸ್ವಲ್ಪ ಹೊತ್ತು ನೋಡು, ಅಷ್ಟೇ. ಆಮೇಲೆ ನಿನ್ನ ದೇವರ ಬಗ್ಗೆ ಹೇಳು, ನಾನು ಕೇಳುತ್ತೇನೆ, ಪ್ರಶ್ನೆಯನ್ನೂ ಕೇಳುತ್ತೇನೆ.

ನಿಮ್ಮವ್ವನಿಗೆ ಇವತ್ತೇ ಫೋನ್ ಮಾಡು.

ನಿನ್ನ ದೊಡ್ಡವ್ವ
ಧಾರವಾಡ