ಹಡಗಿನ ಹೊಗೆಯ ಲೆಕ್ಕ ಕೊಡಿಸಿ: ಸಂಸದರಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ, ಮಂಗಳೂರಿನ ಪಣಂಬೂರು ಬಂದರಿನ ಹತ್ತಿರದ ಹೊಸಬೆಟ್ಟಿನಿಂದ ನಮಸ್ಕಾರಗಳು.

ಹಡಗು ಏಜೆಂಟರ ಕಚೇರಿಯಲ್ಲಿ 26 ವರ್ಷ ಬೋರ್ಡಿಂಗ್ ಕ್ಲರ್ಕ್ ಆಗಿದ್ದವನು ನಾನು. ಪಣಂಬೂರಿಗೆ ಹಡಗು ಬಂದರೆ ಏಣಿ ಹತ್ತಿ ಕಾಗದಪತ್ರ ನೋಡುವುದು, ಕ್ಯಾಪ್ಟನ್ ಸಹಿ ತರುವುದು ನನ್ನ ಕೆಲಸ. ಬಂದರಿನ ಅನ್ನ ತಿಂದವನು, ಹಡಗು ಬೇಡ ಎನ್ನುವವನಲ್ಲ. ನನಗೆ ಬೇಕಿರುವುದು ಒಂದು ಲೆಕ್ಕ. ನಮ್ಮ ಬಂದರಿಗೆ ಬರುವ ಒಂದೊಂದು ಹಡಗೂ ಎಷ್ಟು ಎಣ್ಣೆ ಸುಟ್ಟಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟಿತು? ಸರಿಯಾಗಿ ತಪಾಸಣೆ ಆದ ಲೆಕ್ಕ, ಹಡಗಿನ ಹೆಸರಿನ ಸಮೇತ ಬೇಕು.

ಕಳೆದ ಏಪ್ರಿಲ್‌ನಲ್ಲಿ ನಡೆದದ್ದು ಹೇಳುತ್ತೇನೆ. ನನ್ನ ಹೆಂಡತಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಲಸಿನಕಾಯಿ ಬೇಯಿಸಿ, ರುಬ್ಬಿ, ಇನ್ನೂರು ಹಪ್ಪಳ ಒತ್ತಿದ್ದಳು. ತಾರಸಿಯಲ್ಲಿ ಚಾಪೆ ಹಾಸಿ ಒಣಗಲು ಹಾಕಿದಳು. ಮಧ್ಯಾಹ್ನ ಕಡಲ ಗಾಳಿ ಶುರುವಾಯಿತು. ಮೂರು ಗಂಟೆಗೆ ಮಗುಚಿ ಹಾಕಲು ಹೋದರೆ ಎಲ್ಲದರ ಮೇಲೂ ಸಾಸಿವೆಯಷ್ಟು ಕಪ್ಪು ಚುಕ್ಕೆ. ಬೆರಳಿಂದ ಒತ್ತಿದರೆ ಜಿಡ್ಡು ಜಿಡ್ಡು. ಅದು ರಸ್ತೆಯ ಧೂಳಲ್ಲ. ಹಡಗಿನ ಚಿಮಣಿ ಕೆಳಗೆ ನಿಂತು ಎಷ್ಟೋ ಬಿಳಿ ಅಂಗಿ ಹಾಳು ಮಾಡಿಕೊಂಡವನು ನಾನು. ಆ ಜಿಡ್ಡಿನ ಗುರುತು ನನಗಿದೆ. ಅವಳು ಏನೂ ಮಾತಾಡದೆ ಚಾಪೆ ಸುತ್ತಿ ಒಳಗೆ ಹೋದಳು. ಇನ್ನೂರು ಹಪ್ಪಳ, ಸಾರ್. ಇದು ಮೊದಲ ಸಲವೂ ಅಲ್ಲ.

ಮರುದಿನ ಹತ್ತು ಹಪ್ಪಳ ಕವರಿಗೆ ಹಾಕಿಕೊಂಡು ಒಂದು ಕಚೇರಿಗೆ ಹೋದೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತೆ. ಅಲ್ಲಿದ್ದವರು ಕವರ್ ಬಿಚ್ಚಿಯೂ ನೋಡಲಿಲ್ಲ. "ಯಾವ ಹಡಗು? ಸಾಕ್ಷಿ ಉಂಟಾ?" ಎಂದರು. ಸಾಕ್ಷಿ ಹಡಗಿನೊಳಗೇ ಇರುತ್ತದೆ, ಅದನ್ನು ಕೇಳುವ ಅಧಿಕಾರ ನನಗಿಲ್ಲ, ನಿಮಗಿದೆ ಎಂದೆ. ಎದ್ದು ಹೋದರು. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ವ್ಯಾಪಾರದ ಗುಟ್ಟು, ಸೆಕ್ಷನ್ 8(1)(ಡಿ) ಪ್ರಕಾರ ಕೊಡಲು ಬರುವುದಿಲ್ಲ ಅಂತ ಎರಡು ಸಾಲಿನ ಉತ್ತರ. ಜನರ ಹಿತ ದೊಡ್ಡದಾದರೆ ಕೊಡಬಹುದು ಅಂತ ಅದೇ ಸೆಕ್ಷನ್ನಿನಲ್ಲಿ ಇದೆಯಲ್ಲ, ಅದನ್ನು ಯಾರೂ ಓದುವುದಿಲ್ಲವೇ?

ಮಸಿ ಕಣ್ಣಿಗೆ ಕಾಣುತ್ತದೆ. ಅದೇ ಎಣ್ಣೆಯಿಂದ ಬರುವ ಕಾರ್ಬನ್ ಡೈಆಕ್ಸೈಡ್ ಕಾಣುವುದಿಲ್ಲ. ಒಂದು ಟನ್ ಹೆವಿ ಫ್ಯುಯೆಲ್ ಆಯಿಲ್, ಅಂದರೆ ಹಡಗಿನ ದಪ್ಪ ಎಣ್ಣೆ, ಉರಿದರೆ 3.114 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಎನ್ನುವುದು ಹಡಗಿನವರೇ ಬಳಸುವ ಲೆಕ್ಕ. ಹಡಗು ಕಟ್ಟಿ ನಿಂತರೂ ಜನರೇಟರ್ ನಿಲ್ಲುವುದಿಲ್ಲ. ಕಚ್ಚಾ ತೈಲ ಇಳಿಸುವ ದೊಡ್ಡ ಟ್ಯಾಂಕರಿನ ಪಂಪುಗಳು ಹೆಚ್ಚಾಗಿ ಬಾಯ್ಲರಿನ ಹಬೆಯಲ್ಲೇ ನಡೆಯುತ್ತವೆ, ಆ ಬಾಯ್ಲರಿಗೂ ಎಣ್ಣೆಯೇ ಬೇಕು. ದಿನಕ್ಕೆ ಮೂರೇ ಟನ್ ಎಣ್ಣೆ ಉರಿದರೂ ಒಂಬತ್ತು ಟನ್ನಿಗಿಂತ ಜಾಸ್ತಿ ಆಯಿತಲ್ಲ. ಇತ್ತ ಉಳ್ಳಾಲ, ಸೋಮೇಶ್ವರದಲ್ಲಿ ಪ್ರತಿ ಮಳೆಗಾಲ ಕಲ್ಲು ತಂದು ಸುರಿಯುತ್ತೇವೆ. ಈ ಕಾರ್ಬನ್ನಿನಿಂದ ಭೂಮಿ ಬಿಸಿಯಾಗಿ ಕಡಲು ಏರಿದರೆ ಮೊದಲು ಮನೆ ಹೋಗುವುದು ನಮ್ಮದೇ.

ನಿಯಮ ನಿಮಗೆ ಗೊತ್ತೇ ಇದೆ. 5,000 ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಹಡಗುಗಳು 2019ರಿಂದ ಎಣ್ಣೆಯ ಲೆಕ್ಕ ಇಡಲೇಬೇಕು. ಆ ಲೆಕ್ಕ ಹಡಗು ನೋಂದಣಿಯಾದ ದೇಶಕ್ಕೆ ಹೋಗಿ, ಅಲ್ಲಿಂದ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಸೇರುತ್ತದೆ. ಅಲ್ಲಿ ಹಡಗಿನ ಹೆಸರು ಮುಚ್ಚಿಡುತ್ತಾರೆ. ಪಣಂಬೂರಿನಲ್ಲಿ ಹೊಗೆ ಬಿಟ್ಟ ಹಡಗಿನ ಲೆಕ್ಕ ಪನಾಮಕ್ಕೋ ಲೈಬೀರಿಯಕ್ಕೋ ಹೋಗುತ್ತದೆ, ಹೊಸಬೆಟ್ಟಿನವನಿಗೆ ಮಾತ್ರ ಸಿಗುವುದಿಲ್ಲ. ಯುರೋಪಿನಲ್ಲಿ ಹೀಗಿಲ್ಲ. 2018ರಿಂದ ಅಲ್ಲಿನ ಬಂದರಿಗೆ ಹೋಗುವ ದೊಡ್ಡ ಹಡಗುಗಳು ಸ್ವತಂತ್ರ ತಪಾಸಣೆ ಆದ ವರದಿ ಕೊಡಬೇಕು. ಪ್ರತಿ ವರ್ಷ ಜೂನ್ 30ರೊಳಗೆ ಅದು ಹಡಗಿನ ಹೆಸರಿನ ಸಮೇತ ಸಾರ್ವಜನಿಕವಾಗುತ್ತದೆ. ಬಂದರಿನಲ್ಲಿ ನಿಂತಾಗ ಬಿಟ್ಟದ್ದಕ್ಕೆ ಬೇರೆಯೇ ಲೆಕ್ಕ. ಇಲ್ಲಿಗೆ ಬಂದ ಟ್ಯಾಂಕರೇ ನಾಳೆ ರಾಟರ್‌ಡ್ಯಾಮಿಗೆ ಹೋದರೆ ಅಲ್ಲಿ ಲೆಕ್ಕ ಒಪ್ಪಿಸುತ್ತದೆ. ಅಲ್ಲಿ ಗುಟ್ಟಲ್ಲದ್ದು ಇಲ್ಲಿ ಹೇಗೆ ಗುಟ್ಟಾಯಿತು?

ತಪಾಸಣೆ ಕಷ್ಟ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಎಣ್ಣೆ ತುಂಬಿಸಿದಾಗ ಕೊಡುವ ಬಂಕರ್ ಚೀಟಿಯನ್ನು ಮೂರು ವರ್ಷ ಹಡಗಿನಲ್ಲೇ ಇಡಬೇಕು. ಎಂಜಿನ್ ರೂಮಿನ ಲಾಗ್ ಬುಕ್ ಇದೆ. ಟ್ಯಾಂಕಿಗೆ ಟೇಪ್ ಇಳಿಸಿ ಅಳೆದ ಲೆಕ್ಕ ಇದೆ. ಮೂರೂ ತಾಳೆ ಆಗಬೇಕು, ಅಷ್ಟೇ.

2023ರ ಹರಿತ್ ಸಾಗರ್ ಮಾರ್ಗಸೂಚಿ ನಿಮ್ಮ ಕೇಂದ್ರ ಸರ್ಕಾರದ್ದೇ. ಒಂದು ಟನ್ ಸರಕಿಗೆ ಆಗುವ ಕಾರ್ಬನ್ನನ್ನು 2030ರೊಳಗೆ ಬಂದರುಗಳು ಶೇ 30ರಷ್ಟು ಇಳಿಸಬೇಕು ಎನ್ನುತ್ತದೆ. ಸಂತೋಷ. ಆದರೆ ಇಳಿಯಿತು ಅಂತ ಹೇಳಲು ಈಗ ಎಷ್ಟಿದೆ ಅಂತ ಗೊತ್ತಿರಬೇಕು, ಅಲ್ವಾ? ಹಡಗಿನ ಹೊಗೆ ಬಿಟ್ಟು ಬಂದರಿನ ಲೆಕ್ಕ ಬರೆದರೆ ಅದು ಎಂಥ ಲೆಕ್ಕ?

ಮುಂದಿನ ಅಧಿವೇಶನದಲ್ಲಿ ಇದನ್ನು ಪ್ರಶ್ನೆಯಾಗಿ ಕೇಳಿ. ಮುಂಬೈಯ ಹಡಗು ಸಾಗಣೆ ಮಹಾ ನಿರ್ದೇಶನಾಲಯಕ್ಕೆ ಬರೆಯಿರಿ. ನಮ್ಮ ಬಂದರಿಗೆ ಬರುವ ಪ್ರತಿ ಹಡಗಿನ ಲೆಕ್ಕ, ತಪಾಸಣೆ ಆದದ್ದು, ಹೆಸರಿನ ಸಮೇತ ಪ್ರಕಟವಾಗಲಿ. ಮನವಿ ಮಾಡಿ ಮಾಡಿ ಸಾಕಾಗಿದೆ ಸಾರ್, ಅದಕ್ಕೇ ಎಲ್ಲರೆದುರು ಕೇಳುತ್ತಿದ್ದೇನೆ. ಲೆಕ್ಕ ಕೊಡಿಸಿ.

ಆ ಹತ್ತು ಹಪ್ಪಳವನ್ನು ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೇನೆ. ನೀವು ಕರೆದ ದಿನ ತರುತ್ತೇನೆ.

ಇಂತಿ,
ಹೊಸಬೆಟ್ಟಿನ ಒಬ್ಬ ನಿವೃತ್ತ ಬೋರ್ಡಿಂಗ್ ಕ್ಲರ್ಕ್